ಮಣ್ಣಿನ ರಸ್ತೆಯ ಅಲೆಗಳನ್ನು ತುಂಬಬೇಡಿ, ಕೆತ್ತಿ ತೆಗೆಯಿರಿ

ನಮ್ಮ ತೋಟದ ದಾರಿಯಂತಹ ಮೊರಂ ರಸ್ತೆಗಳಲ್ಲಿ, ವಿಶೇಷವಾಗಿ ತಿರುವಿಗೆ ಮುನ್ನ ಬ್ರೇಕ್ ಹಾಕುವಲ್ಲಿ ಮತ್ತು ಏರಿನಲ್ಲಿ ವೇಗ ಹೆಚ್ಚಿಸುವಲ್ಲಿ, ಅಡ್ಡಡ್ಡವಾಗಿ ಅಲೆಗಳು ಏಳುವುದನ್ನು ಎಲ್ಲರೂ ಕಂಡಿದ್ದೇವೆ. ವಾಹನದ ಸ್ಪ್ರಿಂಗ್ ಇದಕ್ಕೆ ಕಾರಣವೆಂದು ಹಲವರು ನಂಬುತ್ತಾರೆ. ಆದರೆ ಸ್ಪ್ರಿಂಗ್ ಇಲ್ಲದ ಸಾದಾ ಚಕ್ರವನ್ನು ಒಣ ಮರಳಿನ ಮೇಲೆ ಉರುಳಿಸಿದ ಪ್ರಯೋಗದಲ್ಲೂ, 2007ರಲ್ಲಿ ಪ್ರಕಟವಾದ ಅಧ್ಯಯನದಂತೆ, ಇಂತಹವೇ ಅಲೆಗಳು ಮೂಡಿದವು. ಒಂದು ಮಿತಿಗಿಂತ ವೇಗವಾಗಿ ಹೋಗುವ ಚಕ್ರವು ಸಣ್ಣ ಉಬ್ಬೊಂದನ್ನು ಹತ್ತಿ ಜಿಗಿದು, ಮುಂದೆ ಬಿದ್ದಲ್ಲಿ ಮಣ್ಣನ್ನು ತಳ್ಳಿ ಹೊಸ ತಗ್ಗು ಮಾಡುತ್ತದೆ. ಹಿಂದೆ ಬರುವ ಪ್ರತಿ ಚಕ್ರವೂ ಅದನ್ನೇ ಆಳಗೊಳಿಸುತ್ತದೆ. ಆ ಮಿತಿ ನಡಿಗೆಯ ವೇಗಕ್ಕಿಂತ ಅಷ್ಟೇನೂ ಹೆಚ್ಚಲ್ಲವಾದ್ದರಿಂದ, ನಿಧಾನವಾಗಿ ಓಡಿಸಿದರೆ ಸಾಕು ಎಂಬ ಸಲಹೆಯೊಂದೇ ರಸ್ತೆಯನ್ನು ಉಳಿಸಲಾರದು.

ಬಗ್ಗಿ ಕೈಯಾಡಿಸಿ ನೋಡಿ: ಉಬ್ಬಿನ ನೆತ್ತಿಯ ಕಲ್ಲು ಸಡಿಲವಾಗಿ ಬೆರಳಿಗೇ ಬರುತ್ತದೆ, ತಗ್ಗಿನ ತಳವೋ ಸಿಮೆಂಟಿನಂತೆ ಗಟ್ಟಿ. ಆದ್ದರಿಂದ ತಗ್ಗಿಗೆ ಸಡಿಲ ಮಣ್ಣು ಸುರಿದರೆ ಕೆಲವೇ ದಿನಗಳಲ್ಲಿ ಅಲೆ ಮರಳುತ್ತದೆ. ತಗ್ಗಿನ ತಳಕ್ಕಿಂತ ತುಸು ಆಳದವರೆಗೆ ಇಡೀ ಪದರವನ್ನು ಕೆತ್ತಿ, ಜೇಡಿಯ ಅಂಶವಿರುವ ಮೊರಂ ಬೆರೆಸಿ, ನೀರು ಹಾಕಿ, ಮಧ್ಯಭಾಗ ಎತ್ತರವಿರುವಂತೆ ರೋಲರ್ ಓಡಿಸಬೇಕು. ಮಳೆ ನಿಂತು ಮಣ್ಣಿನಲ್ಲಿ ಇನ್ನೂ ಹದವಿರುವಾಗ ಈ ಕೆಲಸ ಹಿಡಿದರೆ ಟ್ಯಾಂಕರ್ ನೀರಿನ ಖರ್ಚೂ ಉಳಿಯುತ್ತದೆ.