ಕೆಂಪು ಬ್ಯಾಟರಿ ಲೈಟ್ ಉರಿಯಿತೇ? ಬ್ಯಾಟರಿ ಕೊಳ್ಳುವ ಮೊದಲು ಬೆಲ್ಟ್ ನೋಡಿ

ಮಳೆಗಾಲದ ವೀಕೆಂಡ್ ಬಂತೆಂದರೆ ಕೈಮರ ಚೆಕ್‌ಪೋಸ್ಟ್‌ನಿಂದ ಮುಳ್ಳಯ್ಯನಗಿರಿ ಕಡೆಗೆ ಕಾರುಗಳ ಸಾಲು. ಈಗೀಗ ಅದರಲ್ಲಿ ಸ್ಪೋರ್ಟ್ಸ್ ಕಾರುಗಳೂ ಜಾಸ್ತಿ. ಮಂಜು ಕವಿದಿರುತ್ತದೆ. ಹೆಡ್‌ಲೈಟ್, ವೈಪರ್, ಎಸಿ, ಹಿಂದಿನ ಗಾಜಿನ ಹೀಟರ್ ಎಲ್ಲವೂ ಆನ್. ಕಾರು ಮಾತ್ರ ತೆವಳುತ್ತಿರುತ್ತದೆ, ಎಂಜಿನ್ ಐಡ್ಲಿಂಗ್‌ನಲ್ಲೇ ಇರುತ್ತದೆ. ಎಂಜಿನ್ ಓಡುವಾಗ ಬೆಲ್ಟಿನಿಂದ ತಿರುಗಿ ಬ್ಯಾಟರಿಗೆ ಚಾರ್ಜ್ ಕೊಡುವುದು ಆಲ್ಟರ್ನೇಟರ್; ಹಳಬರು ಡೈನಮೋ ಎನ್ನುತ್ತಾರೆ. ಸವೆದ ಬೆಲ್ಟ್, ಸೋತ ಆಲ್ಟರ್ನೇಟರ್ ಸಿಕ್ಕಿಬೀಳುವುದು ಇಂಥ ಕಡೆಯೇ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ಚಿತ್ರ ಹೊತ್ತಿಕೊಳ್ಳುತ್ತದೆ. ಚಿಕ್ಕಮಗಳೂರಿಗೆ ಇಳಿದವರು ಮೊದಲು ಹುಡುಕುವುದು ಬ್ಯಾಟರಿ ಅಂಗಡಿ. ಹೊಸ ಬ್ಯಾಟರಿ ಹಾಕಿದ ಮೇಲೆ ಸ್ವಲ್ಪ ದೂರ ಕಾರು ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ಅದೇ ಲೈಟ್. ಇಂಥ ದಂಡದ ಖರ್ಚನ್ನು ನೋಡಿ ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ. ಆ ಲೈಟಿಗೆ ಬ್ಯಾಟರಿ ಹಳತೋ ಹೊಸತೋ ಗೊತ್ತಾಗುವುದಿಲ್ಲ. ಚಾರ್ಜ್ ಬರುತ್ತಿಲ್ಲ ಎಂದಷ್ಟೇ ಅದು ಹೇಳುತ್ತದೆ.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು, ‘ಗಾಡಿ ಆಫ್ ಆಗ್ಲಿಲ್ಲ, ಡೈನಮೋ ಸರಿ ಇದೆ’ ಎನ್ನುವ ಹಳೇ ಪರೀಕ್ಷೆ ಇನ್ನೂ ಕೆಲವು ಕಡೆ ನಡೆಯುತ್ತಿದೆ. ಅದನ್ನು ಮಾಡಲೇಬೇಡಿ, ಯಾರಿಗೂ ಮಾಡಲು ಬಿಡಬೇಡಿ. ಬ್ಯಾಟರಿ ತಪ್ಪಿದ ತಕ್ಷಣ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ. ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹೋಗಬಹುದು, ಎಂಜಿನ್ ಕಂಪ್ಯೂಟರೂ ಹೋಗಬಹುದು. ಸ್ಪೋರ್ಟ್ಸ್ ಕಾರಿನಲ್ಲಿ ಆ ಕಂಪ್ಯೂಟರಿನ ಬೆಲೆ ಮುಂದೆ ಬ್ಯಾಟರಿ ಬೆಲೆ ಏನೂ ಅಲ್ಲ.

ಹಂತ 1: ಸಾಮಾನು

ಡಿಜಿಟಲ್ ಮಲ್ಟಿಮೀಟರ್, ಟಾರ್ಚ್, ನೀರು ತುಂಬಿದ ಸ್ಪ್ರೇ ಬಾಟಲಿ. ಇಷ್ಟು ಸಾಕು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪುಟ್ಟ ವೋಲ್ಟ್ ಮೀಟರ್ ನಂಬಬೇಡಿ. ನಡುವಿನ ವೈರಿನಲ್ಲೇ ಒಂದಿಷ್ಟು ವೋಲ್ಟೇಜ್ ಸೋರಿ, ಅದು ಕಡಿಮೆ ತೋರಿಸುತ್ತದೆ.

ಹಂತ 2: ಬೆಲ್ಟ್ ನೋಡುವುದು

ಎಂಜಿನ್ ಆಫ್ ಮಾಡಿ, ಕೀ ತೆಗೆದು, ಬೆಲ್ಟಿನ ಗೀರುಗಳಿರುವ ಒಳಮೈಗೆ ಟಾರ್ಚ್ ಬಿಡಿ. ಹಳೇ ನಿಯೋಪ್ರೀನ್ ಬೆಲ್ಟ್ ಆದರೆ ಬಿರುಕು ಕಾಣುತ್ತದೆ; ಒಂದು ಇಂಚಿನಲ್ಲಿ 3 ಬಿರುಕು ಕಂಡರೆ ಬದಲಿಸಿ. ಆದರೆ ಈಗಿನ ಕಾರುಗಳಲ್ಲಿ ಬರುವುದು ಇಪಿಡಿಎಂ ರಬ್ಬರ್. ಅದು ಸುಲಭಕ್ಕೆ ಬಿರುಕು ಬಿಡುವುದಿಲ್ಲ, ಟೈರಿನ ಹಾಗೆ ಸವೆಯುತ್ತದೆ. ‘ಒಂದೂ ಬಿರುಕಿಲ್ಲ, ಬೆಲ್ಟ್ ಹೊಸದರಂತಿದೆ’ ಎಂದು ಜನ ಮೋಸಹೋಗುವುದು ಇದರಿಂದಲೇ. ಗೀರುಗಳ ನಡುವಿನ ಸಂದು ಅಗಲವಾಗಿದೆಯೇ, ಅಂಚು ಹರಿದು ನೂಲು ಎದ್ದಿದೆಯೇ, ಮೈ ಗಾಜಿನಂತೆ ಹೊಳೆಯುತ್ತಿದೆಯೇ ನೋಡಿ. ಸವೆತ ಅಳೆಯುವ ಪ್ಲಾಸ್ಟಿಕ್ ಗೇಜ್ ಸಿಕ್ಕರೆ ಒಂದು ಇಟ್ಟುಕೊಳ್ಳಿ.

ಬೆಲ್ಟಿನ ಮೇಲೆ ಎಣ್ಣೆ ಅಥವಾ ಕೂಲೆಂಟ್ ಬಿದ್ದಿದ್ದರೆ ಮೊದಲು ಆ ಸೋರಿಕೆ ನಿಲ್ಲಿಸಿ. ಇಲ್ಲದಿದ್ದರೆ ಹೊಸ ಬೆಲ್ಟೂ ಹಾಳಾಗುತ್ತದೆ.

ಹಂತ 3: ಕೀರಲು ದನಿ ಎಲ್ಲಿಂದ?

ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಪಂಚೆಯ ತುದಿ, ಶಾಲು, ಬಿಟ್ಟ ಕೂದಲು ಬೆಲ್ಟಿನ ಹತ್ತಿರ ಬರಬಾರದು. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ತಿರುಗಬಹುದು. ಬೆಲ್ಟಿನ ಗೀರಿನ ಬದಿಗೆ ಸ್ವಲ್ಪ ಬರೀ ನೀರು ಸಿಂಪಡಿಸಿ. ದನಿ ಜೋರಾದರೆ ಬೆಲ್ಟ್ ಜಾರುತ್ತಿದೆ, ಅಂದರೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಸಡಿಲ ಅಥವಾ ಬೆಲ್ಟ್ ಸವೆದಿದೆ. ಚಿಕ್ ಚಿಕ್ ಎನ್ನುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಬಂದರೆ ಬೆಲ್ಟ್ ಸುತ್ತುವ ಗಾಲಿ, ಅಂದರೆ ಯಾವುದೋ ಪುಲ್ಲಿ, ಸಾಲು ತಪ್ಪಿದೆ. ನೀರಿಗೆ ಏನೂ ಬದಲಾಗದಿದ್ದರೆ ಬೇರಿಂಗ್ ಮೇಲೆ ಅನುಮಾನ ಪಡಿ.

ದನಿ ನಿಲ್ಲಿಸಲು ಸೋಪು ಉಜ್ಜುವುದು, ಪೌಡರ್ ಹಾಕುವುದು, ಬೆಲ್ಟ್ ಡ್ರೆಸ್ಸಿಂಗ್ ಸ್ಪ್ರೇ ಹೊಡೆಯುವುದು ಎಲ್ಲವೂ ವ್ಯರ್ಥ. ಸ್ಪ್ರೇ ಅಂಟಿಗೆ ನಮ್ಮ ತೋಟದ ರಸ್ತೆಗಳ ಕೆಂಪು ಧೂಳು ಮೆತ್ತಿಕೊಂಡು ಬೆಲ್ಟನ್ನು ಇನ್ನೂ ಬೇಗ ತಿನ್ನುತ್ತದೆ.

ಹಂತ 4: ಮೀಟರ್ ಹಿಡಿಯುವುದು

ಎಲ್ಲರೂ ಎಡವುವುದು ಇಲ್ಲಿ. ಸುಮ್ನೆ ಎಂಜಿನ್ ಸ್ಟಾರ್ಟ್ ಮಾಡಿ, 14 ಕಂಡಿತು, ಆಲ್ಟರ್ನೇಟರ್ ಸರಿ ಇದೆ ಎಂದು ಬಾನೆಟ್ ಮುಚ್ಚಿಬಿಡುತ್ತಾರೆ. ಆ ಒಂದು ಸಂಖ್ಯೆ ಸಾಲದು.

ಮೊದಲು ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ ಪೂರ್ತಿ ಚಾರ್ಜ್ ಮಾಡಿ. ಸತ್ತ ಬ್ಯಾಟರಿ ಇಟ್ಟುಕೊಂಡು ಅಳೆದರೆ ಲೆಕ್ಕವೇ ತಪ್ಪುತ್ತದೆ. ರಾತ್ರಿಯೆಲ್ಲ ಸುಮ್ಮನೆ ನಿಂತ ಕಾರಿನಲ್ಲಿ ಬೆಳಿಗ್ಗೆ ಸುಮಾರು 12.6 ವೋಲ್ಟ್ ಇರಬೇಕು. ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಮುಟ್ಟಿಸಿ, ಮೇಲಿನ ಕ್ಲಾಂಪಿಗಲ್ಲ. ಬ್ಯಾಟರಿ ಎಲ್ಲಿದೆ ಎಂದು ಮೊದಲೇ ತಿಳಿದುಕೊಳ್ಳಿ: ಬಿಎಂಡಬ್ಲ್ಯು ಝಡ್4ನಲ್ಲಿ ಹಿಂದೆ ಡಿಕ್ಕಿಯಲ್ಲಿ, ಪೋರ್ಷೆ ಬಾಕ್ಸ್‌ಸ್ಟರ್‌ನಲ್ಲಿ ಮುಂದಿನ ಬಾನೆಟ್ ಕೆಳಗೆ.

ಈಗ ಸ್ಟಾರ್ಟ್ ಮಾಡಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಬರುತ್ತದೆ. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಕಾರು ಓಡಿಸಬೇಡಿ, ಬ್ಯಾಟರಿ ಕುದಿಯುತ್ತದೆ. ಹೊಸ ಕಾರುಗಳಲ್ಲಿ ಎಷ್ಟು ಚಾರ್ಜ್ ಬೇಕೆಂದು ಕಂಪ್ಯೂಟರೇ ತೀರ್ಮಾನಿಸುವುದರಿಂದ, ಲೈಟ್, ಎಸಿಯಂಥ ಲೋಡ್ ಇಲ್ಲದಾಗ 13ಕ್ಕಿಂತ ಕಡಿಮೆ ಕಂಡರೂ ಗಾಬರಿ ಬೇಡ.

ಆಮೇಲೆ ಲೋಡ್ ಹಾಕಿ. ಹೈ ಬೀಮ್, ಎಸಿ, ಬ್ಲೋವರ್ ಫುಲ್, ಹಿಂದಿನ ಗಾಜಿನ ಹೀಟರ್, ವೈಪರ್. ಮುಳ್ಳಯ್ಯನಗಿರಿ ದಾರಿಯ ಮಂಜಿನಲ್ಲಿ ಏನೆಲ್ಲ ಹಾಕುತ್ತೀರೋ ಅದೆಲ್ಲ. ಯಾರಾದರೂ ಒಬ್ಬರು 2000 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಹಿಡಿಯಲಿ. ಒಂದೆರಡು ನಿಮಿಷ ಕಾಯಿರಿ. 13.5ರ ಮೇಲೆ ನಿಂತರೆ ಆಲ್ಟರ್ನೇಟರ್ ಗಟ್ಟಿ ಇದೆ. 13ರ ಕೆಳಗೆ ಇಳಿಯುತ್ತಲೇ ಹೋದರೆ ತೊಂದರೆ ಇದೆ. ಇಳಿಯುವಾಗ ಕೀರಲು ದನಿಯೂ ಬಂದರೆ ಮೊದಲು ಬೆಲ್ಟ್ ಮತ್ತು ಟೆನ್ಷನರ್ ಬದಲಿಸಿ, ಮತ್ತೆ ಅಳೆಯಿರಿ. ಸದ್ದಿಲ್ಲದೆ ಇಳಿದರೆ ಆಲ್ಟರ್ನೇಟರ್ ಅಥವಾ ಅದರ ಕೇಬಲ್.

ಕೇಬಲ್ ಪರೀಕ್ಷೆ ಬಿಡಬೇಡಿ. ಲೋಡ್ ಹಾಗೇ ಇರಲಿ. ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ವೈರ್ ಕೂರುವ ಬೋಲ್ಟಿಗೆ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಇಡಿ. 0.3 ವೋಲ್ಟಿಗಿಂತ ಜಾಸ್ತಿ ಬಂದರೆ ಕೇಬಲ್ ಅಥವಾ ಅದರ ತುದಿ ಹಾಳಾಗಿದೆ. ಬಾಕ್ಸ್‌ಸ್ಟರ್, ಕೇಮನ್‌ಗಳಲ್ಲಿ ಎಂಜಿನ್ ಸೀಟಿನ ಹಿಂದೆ, ಬ್ಯಾಟರಿ ಮುಂದೆ. ಅಷ್ಟುದ್ದದ ದಾರಿಯಲ್ಲಿ ಎಲ್ಲಿ ಕಿಲುಬು ಹಿಡಿದರೂ ಚಾರ್ಜ್ ಕುಗ್ಗುತ್ತದೆ. ಅವುಗಳ ಬೆಲ್ಟ್ ಕಾಣಲು ಸೀಟಿನ ಹಿಂದಿನ ಮುಚ್ಚಳ ತೆಗೆಯಬೇಕು. ನೀರಿನ ಪರೀಕ್ಷೆಯನ್ನೂ ಬೋಲ್ಟ್ ಮುಟ್ಟುವ ಈ ಪರೀಕ್ಷೆಯನ್ನೂ ಅಲ್ಲಿ ನೀವೇ ಮಾಡಬೇಡಿ, ಲಿಫ್ಟ್ ಇರುವ ಗ್ಯಾರೇಜಿಗೆ ಬಿಡಿ.

ಕೊನೆಗೆ ಮೀಟರನ್ನು ಎಸಿ ವೋಲ್ಟಿಗೆ (ಏರ್ ಕಂಡೀಷನರ್ ಅಲ್ಲ, ಪರ್ಯಾಯ ವಿದ್ಯುತ್ತಿನ V~ ಗುರುತು) ತಿರುಗಿಸಿ ಬ್ಯಾಟರಿ ಮೇಲೆ ಹಿಡಿಯಿರಿ. 0.5ಕ್ಕಿಂತ ಜಾಸ್ತಿ ಕಂಡರೆ ಡಯೋಡ್ ಹೋಗಿದೆ. ನಿಲ್ಲಿಸಿದ ಕಾರಿನ ಬ್ಯಾಟರಿ ರಾತ್ರೋರಾತ್ರಿ ಖಾಲಿಯಾಗುವುದಕ್ಕೆ ಇದೂ ಒಂದು ಕಾರಣ.

ಹಂತ 5: ರಿಪೇರಿ

ಪೂರ್ತಿ ಆಲ್ಟರ್ನೇಟರ್ ಬದಲಿಸಬೇಕು ಎಂದರೆ ತಕ್ಷಣ ಒಪ್ಪಬೇಡಿ. ಎಷ್ಟೋ ಸಲ ಕಾರ್ಬನ್ ಬ್ರಷ್ ಮತ್ತು ರೆಗ್ಯುಲೇಟರ್ ಮಾತ್ರ ಸವೆದಿರುತ್ತವೆ; ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ ತೋರಿಸುತ್ತಾನೆ. ಬೆಲ್ಟ್ ತೆಗೆದಾಗ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡಿ. ಒಮ್ಮುಖ ಕ್ಲಚ್ ಇರುವ ಪುಲ್ಲಿಯಾದರೆ ಒಂದು ಕಡೆಗೆ ಮಾತ್ರ ಸಡಿಲವಾಗಿ ತಿರುಗಬೇಕು. ಬೆಲ್ಟ್ ಹಾಕುವಾಗ ಟೆನ್ಷನರನ್ನೂ ಒಟ್ಟಿಗೇ ಬದಲಿಸಿ, ಅಗ್ಗದ ನಕಲಿ ಬೆಲ್ಟ್ ಬೇಡವೇ ಬೇಡ. ಬೆಲ್ಟ್ ತೆಗೆಯುವ ಮೊದಲು ಅದು ಹಾದುಹೋಗುವ ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಲೋಡ್ ಹಾಕಿ ಮತ್ತೊಮ್ಮೆ ಅಳೆಯಿರಿ.

ಘಾಟಿಯಲ್ಲಿ ಲೈಟ್ ಹೊತ್ತಿದರೆ?

ಚಾರ್ಮಾಡಿಯಲ್ಲಿ ಕೆಂಪು ಲೈಟ್ ಬಂದರೆ ‘ಕೊಟ್ಟಿಗೆಹಾರದ ತನಕ ಎಳೆಯೋಣ’ ಎನ್ನಬೇಡಿ. ಬಾಕ್ಸ್‌ಸ್ಟರ್‌ನಂಥ ಕಾರುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಹಳೇ ಏರ್‌ಕೂಲ್ಡ್ ಪೋರ್ಷೆ 911ಗಳಲ್ಲಿ ಆಲ್ಟರ್ನೇಟರ್ ಜೊತೆ ಎಂಜಿನ್ ತಣಿಸುವ ಫ್ಯಾನೂ ಬೆಲ್ಟಿನ ಬಲದಲ್ಲೇ ತಿರುಗುತ್ತದೆ. ಬೆಲ್ಟ್ ಹರಿದ ಮೇಲೆ ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ. ತಿರುವಿನಿಂದ ದೂರ, ಎಡಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಾನೆಟ್ ತೆರೆದು ಬೆಲ್ಟ್ ಇದೆಯೇ ನೋಡಿ. ಬೆಲ್ಟ್ ಜಾಗದಲ್ಲಿದ್ದು, ಟೆಂಪರೇಚರ್ ಏರದಿದ್ದರೆ ಎಸಿ, ಬ್ಲೋವರ್, ಗಾಜಿನ ಹೀಟರ್ ಆಫ್ ಮಾಡಿ ಹತ್ತಿರದ ಊರು ಸೇರಬಹುದು. ಹಾಗೆ ಮತ್ತೆ ಹೊರಟ ಮೇಲೆ ದಾರಿಯಲ್ಲಿ ಎಂಜಿನ್ ಆಫ್ ಮಾಡಬೇಡಿ. ಬೆಲ್ಟ್ ಹರಿದಿದ್ದರೆ, ಅಥವಾ ಸೀಟಿನ ಹಿಂದೆ ಎಂಜಿನ್ ಇದ್ದು ಬೆಲ್ಟ್ ನೋಡಲು ಆಗದಿದ್ದರೆ, ಟೋ ಮಾಡಿಸಿ. ಕೆಳಮೈ ನೆಲಕ್ಕೆ ಹತ್ತಿರವಿರುವ ಕಾರು ಎಂದು ಮೊದಲೇ ಹೇಳಿ, ಇಡೀ ಕಾರನ್ನು ಮೇಲೆ ಹೊರುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ.