ಲೆವೆಲ್ ಡಿಸೈನ್‌ಗೆ ತಲೆ ಓಡದಿದ್ದರೆ ಶನಿವಾರವಾಡೆಗೆ ಹೋಗಿ

ಪುಣೆಯಲ್ಲಿ ಗೇಮ್ ಮಾಡುತ್ತಿರುವ ನಮ್ಮವರಿಗೆ ಒಂದು ಸಲಹೆ. ಹೊಸ ಲೆವೆಲ್‌ಗೆ, ಅಂದರೆ ಆಟದ ಹೊಸ ಹಂತಕ್ಕೆ, ಏನೂ ಹೊಳೆಯದೆ ಕೂತಿದ್ದೀರಾ? ಸುಮ್ನೆ ಸ್ಕ್ರೀನ್ ನೋಡುತ್ತಾ ಒದ್ದಾಡಬೇಡಿ. ನೋಟ್‌ಬುಕ್ ಹಿಡಿದು ಶನಿವಾರವಾಡೆಗೆ ಹೋಗಿ.

ಪೇಶ್ವೆಗಳ ಈ ವಾಡೆ (ಕೋಟೆಯಂಥ ಅರಮನೆ) ಕಟ್ಟಿ ಮುಗಿದದ್ದು 1732ರಲ್ಲಿ. ಅದರ ಮುಖ್ಯ ದ್ವಾರವಾದ ದಿಲ್ಲಿ ದರವಾಜಾದ ಬಾಗಿಲಲ್ಲಿ ಆನೆಯ ಹಣೆಯ ಎತ್ತರಕ್ಕೆ ಚೂಪಾದ ಮೊಳೆಗಳಿವೆ. ಆನೆ ಗುದ್ದಿ ಬಾಗಿಲು ಒಡೆಯಬಾರದಲ್ವಾ? ಒಳಗೆ ಕಾಲಿಟ್ಟರೆ ದಾರಿ ನೇರ ಹೋಗುವುದಿಲ್ಲ. ತಟ್ಟನೆ ಬಲಕ್ಕೆ, ಮತ್ತೆ ಎಡಕ್ಕೆ. ನುಗ್ಗಿ ಬಂದ ಸೈನ್ಯದ ವೇಗ ಅಲ್ಲೇ ಮುರಿಯಲಿ ಅಂತ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪಾಠ ಯಾವ ಟ್ಯುಟೋರಿಯಲ್‌ನಲ್ಲೂ ಸಿಗುವುದಿಲ್ಲ.

ಆ ತಿರುವಿನಲ್ಲಿ ನಿಂತು ನೋಡಿ. ಏನು ಕಾಣುತ್ತದೆ, ಏನು ಮರೆಯಾಗಿದೆ, ಮೇಲಿನಿಂದ ನಿಮ್ಮನ್ನು ಯಾರು ನೋಡಬಹುದು? ಅಷ್ಟನ್ನೇ ಗೀಚಿಕೊಳ್ಳಿ.

ಮನೆಗೆ ಬಂದು ಅದೊಂದು ತಿರುವನ್ನು ಮಾತ್ರ ಕಂಪ್ಯೂಟರ್‌ನಲ್ಲಿ ಬರೀ ಬೂದು ಬಣ್ಣದ ಡಬ್ಬಗಳಲ್ಲಿ ಕಟ್ಟಿ. ಟೆಕ್ಸ್‌ಚರ್ (ಗೋಡೆ, ನೆಲದ ಮೇಲ್ಮೈ ಚಿತ್ರ), ಲೈಟಿಂಗ್ ಮುಟ್ಟಲೇಬೇಡಿ. ಕ್ಯಾರೆಕ್ಟರ್ ಓಡಿಸಿ ನೋಡಿ. ಆಮೇಲೆ ಒಂದೇ ಒಂದನ್ನು ಬದಲಿಸಿ: ಗೋಡೆ ತಗ್ಗಿಸಿ, ಇಲ್ಲವೇ ಆಟಗಾರನನ್ನು ಒಳಗೆ ಕಾವಲಿಗೆ ನಿಲ್ಲಿಸಿ. ಅಲ್ಲಿಂದ ಮುಂದಿನ ಕೋಣೆ ಹೇಗಿರಬೇಕು ಅನ್ನುವುದು ತಾನಾಗಿ ಹೊಳೆಯತೊಡಗುತ್ತದೆ.

ಭಾನುವಾರ ಮಾತ್ರ ಬೇಡ, ಜನ ಜಾಸ್ತಿ. ವಾರದ ನಡುವೆ ಬೆಳಿಗ್ಗೆ ಹೋಗಿ.