ಮುಂದಿನ ಚಕ್ರದ ಬೇರಿಂಗ್ ಸದ್ದು: ಪತ್ತೆ ಹಚ್ಚುವುದು, ಬದಲಿಸುವುದು

ಕಾರು 40–50 ಕಿ.ಮೀ. ವೇಗ ದಾಟಿದಾಗ ‘ಗುಂಯ್’ ಎಂಬ ಸದ್ದು ಶುರುವಾಗುತ್ತದೆ, ವೇಗದ ಜೊತೆಗೇ ಏರುತ್ತದೆ, ಗೇರನ್ನು ನ್ಯೂಟ್ರಲ್‌ಗೆ ತಂದರೂ ಕಡಿಮೆಯಾಗುವುದಿಲ್ಲ. ಹೀಗಿದ್ದರೆ ಅನುಮಾನ ಚಕ್ರದ ಬೇರಿಂಗ್ ಮೇಲೆ, ಇಲ್ಲವೇ ಟೈರ್ ಮೇಲೆ. ಟೈರ್ ಸದ್ದನ್ನು ಬೇರಿಂಗ್ ಸದ್ದೆಂದು ತಿಳಿದು ಒಳ್ಳೆಯ ಬೇರಿಂಗ್ ಕಿತ್ತೆಸೆಯುವುದು ಗ್ಯಾರೇಜುಗಳಲ್ಲಿ ಸಾಮಾನ್ಯ. ಹಾಗಾಗಿ ಮೊದಲು ಅವೆರಡನ್ನು ಬೇರ್ಪಡಿಸಿ.

ಡಾಂಬರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಸದ್ದಿನ ಸ್ವರವೇ ಬದಲಾದರೆ ಅದು ಟೈರ್. ಟ್ರೆಡ್ ಮೇಲೆ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿ, ಎದುರು ದಿಕ್ಕಿಗೆ ಗರಗರ ತಾಗಿದರೂ ಟೈರೇ. ಅನುಮಾನ ಉಳಿದರೆ ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಓಡಿಸಿ. ಸದ್ದೂ ಜಾಗ ಬದಲಿಸಿದರೆ ಬೇರಿಂಗ್‌ಗೆ ಕೈ ಹಾಕುವ ಅಗತ್ಯವಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ‘ಕಟ್ ಕಟ್’ ಎಂದರೆ ಅದು ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್.

ಯಾವ ಬದಿ? ಖಾಲಿ, ಅಗಲವಾದ ರಸ್ತೆಯಲ್ಲಿ 60ರ ಸುಮಾರಿನ ವೇಗದಲ್ಲಿ ಕಾರನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಹೊರಳಿಸಿ. ಎಡಕ್ಕೆ ಹೊರಳಿದಾಗ ಭಾರ ಬಲಗಡೆ ಬೀಳುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಚಕ್ರದ್ದೇ ತೊಂದರೆ. ಆದರೆ ಬೇರಿಂಗ್‌ನಲ್ಲಿ ಎರಡು ಸಾಲು ಗುಂಡುಗಳಿರುವುದರಿಂದ ಯಾವ ಸಾಲು ಸವೆದಿದೆ ಎಂಬುದರ ಮೇಲೆ ಇದು ತಿರುಗುಮುರುಗಾಗುವುದೂ ಉಂಟು. ಆದ್ದರಿಂದ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು ಖಚಿತಪಡಿಸಿಕೊಳ್ಳಿ. ಒಂದು ಕೈಯಿಂದ ಕಾಯಿಲ್ ಸ್ಪ್ರಿಂಗ್ ಹಿಡಿದು ಇನ್ನೊಂದರಿಂದ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗ್‌ನ ನಡುಕ ಸ್ಪ್ರಿಂಗ್ ಮೂಲಕ ಬೆರಳಿಗೆ ಬರುತ್ತದೆ. ಕಿವಿಗಿಂತ ಈ ಪರೀಕ್ಷೆಯೇ ನಂಬಿಕಸ್ಥ.

ಆಮೇಲೆ ಚಕ್ರವನ್ನು ಮೇಲೆ–ಕೆಳಗೆ ಹಿಡಿದು ಅಲುಗಾಡಿಸಿ. ಪ್ಲೇ (ಸಡಿಲ ಅಲುಗಾಟ) ಇದ್ದರೆ ಒಬ್ಬರು ಬ್ರೇಕ್ ತುಳಿದಿರಲಿ. ಪ್ಲೇ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಆದರೆ ಪ್ಲೇ ಇಲ್ಲವೆಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಎಂದಲ್ಲ. ಸದ್ದು ಮೊದಲು ಬರುತ್ತದೆ, ಅಲುಗಾಟ ಬರುವುದು ಕೊನೆಯ ಹಂತದಲ್ಲಿ. ಒಂದೇ ಚಕ್ರ ಎತ್ತಿ ಎಂಜಿನ್ ಮೇಲೆ ಓಡಿಸಿ ನೋಡಬೇಡಿ. ಡಿಫರೆನ್ಷಿಯಲ್‌ನಿಂದಾಗಿ ಆ ಚಕ್ರ ಮೀಟರ್ ತೋರಿಸುವುದರ ಎರಡರಷ್ಟು ವೇಗದಲ್ಲಿ ತಿರುಗುತ್ತದೆ.

ಬಿಚ್ಚುವ ಕೆಲಸ

ಬೇಕಾಗುವ ಭಾಗಗಳು ಒಂದು ಬೇರಿಂಗ್, ಒಂದು ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ), ಒಂದು ಹೊಸ ಆಕ್ಸಲ್ ನಟ್ (ಡ್ರೈವ್ ಶಾಫ್ಟಿನ ತುದಿಯ ದೊಡ್ಡ ನಟ್). ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲಾಗಲಿ, ಹಳೆಯ ಬೇರಿಂಗ್ ಮೇಲಿನ ನಂಬರ್ ಮತ್ತು ಕಾರಿನ ಚಾಸಿಸ್ ನಂಬರ್ ಎರಡನ್ನೂ ಕೊಟ್ಟು ಕೇಳಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಅನೇಕ ಕಾರುಗಳ ಬೇರಿಂಗ್‌ನ ಒಂದು ಮುಖದ ಸೀಲಿನಲ್ಲೇ ಸೆನ್ಸರ್ ಚಕ್ರದ ವೇಗ ಓದಲು ಬೇಕಾದ ಅಯಸ್ಕಾಂತದ ಪಟ್ಟಿ ಇರುತ್ತದೆ. ನೋಡಲು ಒಂದೇ ತರಹ ಕಾಣುವ ಬೇರಿಂಗ್‌ನಲ್ಲಿ ಆ ಪಟ್ಟಿ ಇರಲಿಕ್ಕಿಲ್ಲ.

ಆಕ್ಸಲ್ ನಟ್‌ನ ಅಂಚನ್ನು ಶಾಫ್ಟಿನ ಕಚ್ಚಿಗೆ ಬಡಿದು ಲಾಕ್ ಮಾಡಿರುತ್ತಾರೆ. ಉಳಿಯಿಂದ ಅದನ್ನು ಮೇಲೆತ್ತಿ, ಚಕ್ರ ನೆಲದ ಮೇಲಿರುವಾಗಲೇ, ಹ್ಯಾಂಡ್‌ಬ್ರೇಕ್ ಹಾಕಿ ನಟ್ ಸಡಿಲಿಸಿ. 30 ಅಥವಾ 32 ಮಿ.ಮೀ. ಸಾಕೆಟ್, ಉದ್ದನೆಯ ಪೈಪ್ ಬೇಕಾಗುತ್ತದೆ. ಸಡಿಲಿಸಿದ ಮೇಲೆ ಕಾರನ್ನು ಉರುಳಿಸಬೇಡಿ.

ಚಕ್ರ ತೆಗೆದು, ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರನ್ನು ಬ್ರಾಕೆಟ್ ಸಮೇತ ಬಿಚ್ಚಿ ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ. ಬ್ರೇಕ್ ಹೋಸ್ ಮೇಲೆ ಅದರ ಭಾರ ಬೀಳಬಾರದು. ಡಿಸ್ಕ್, ಎಬಿಎಸ್ ಸೆನ್ಸರ್, ಟೈ ರಾಡ್, ಬಾಲ್ ಜಾಯಿಂಟ್ ಬಿಡಿಸಿ. ಸ್ಟ್ರಟ್‌ನ (ಸ್ಪ್ರಿಂಗ್ ಹೊತ್ತಿರುವ ಕಂಬದ) ಎರಡು ಬೋಲ್ಟ್‌ಗಳು ಕೂತಿರುವ ಜಾಗಕ್ಕೆ ಗುರುತು ಹಾಕಿ ಕೊನೆಗೆ ತೆಗೆಯಿರಿ. ಶಾಫ್ಟ್, ಚಕ್ರ ಬಿಗಿಯುವ ನಡುಭಾಗವಾದ ಹಬ್‌ನಿಂದ ಜಾರದಿದ್ದರೆ ಹಳೆಯ ನಟ್ ತುದಿಗೆ ಹಾಕಿ ತಾಮ್ರದ ಸುತ್ತಿಗೆಯಿಂದ ತಟ್ಟಿ. ಶಾಫ್ಟನ್ನು ಹೊರಕ್ಕೆ ಎಳೆಯಬಾರದು, ಒಳಗಿನ ಜಾಯಿಂಟ್ ಬಿಟ್ಟುಕೊಳ್ಳುತ್ತದೆ.

ಪ್ರೆಸ್ ಮೇಲೆ

ಹೊಸ ಬೇರಿಂಗ್ ಬಾಳುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಇಲ್ಲಿಯೇ. ಹಬ್, ಬೇರಿಂಗ್ ಕೂತಿರುವ ಲೋಹದ ಭಾಗವೇ ನಕಲ್ (knuckle). ಬಿಚ್ಚಿದ ಅದನ್ನು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ, ಆದರೆ ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಲ್ಲಿ.

ಮೊದಲು ಹಬ್ ಹೊರಬರುತ್ತದೆ, ಅದರ ಜೊತೆ ಬೇರಿಂಗ್‌ನ ಒಳರೇಸಿನ (ಗುಂಡುಗಳು ಉರುಳುವ ಒಳಬಳೆಯ) ಅರ್ಧ ಭಾಗ ಅಂಟಿಕೊಂಡೇ ಬರುತ್ತದೆ. ಗ್ರೈಂಡರ್‌ನಿಂದ ರೇಸಿಗೆ ಮುಕ್ಕಾಲು ಆಳ ಗೀರು ಕೊಟ್ಟು, ಉಳಿಯಿಂದ ಒಂದು ಏಟು ಹಾಕಿದರೆ ಸೀಳುತ್ತದೆ. ಗ್ರೈಂಡರ್ ಹಬ್‌ಗೆ ತಾಗಬಾರದು. ಹಬ್ ಮೇಲೆ ರೇಸು ಸುತ್ತಿದ ಗೀರು ಅಥವಾ ನೀಲಿ ಕಲೆ ಕಂಡರೆ ಹಬ್ಬನ್ನೂ ಬದಲಿಸಿ. ಸರ್ಕ್ಲಿಪ್ ತೆಗೆದು ಹಳೆಯ ಬೇರಿಂಗ್ ಒತ್ತಿ, ನಕಲ್‌ನ ಒಳಗೋಡೆಯ ತುಕ್ಕನ್ನು ನುಣುಪು ಎಮರಿ ಕಾಗದದಿಂದ ತೆಗೆಯಿರಿ. ಹೊಸ ಬೇರಿಂಗ್ ಬರಿಗೈಯಲ್ಲೇ ಒಳಗೆ ಜಾರಿದರೆ ಆ ನಕಲ್ ಉಪಯೋಗವಿಲ್ಲ.

ಬೇರಿಂಗನ್ನು ನಕಲ್‌ಗೆ ಕೂರಿಸುವಾಗ ಹೊರರೇಸನ್ನು ಮಾತ್ರ ಒತ್ತಬೇಕು. ಹಳೆಯ ಬೇರಿಂಗ್‌ನ ಹೊರರೇಸೇ ಇದಕ್ಕೆ ಒಳ್ಳೆಯ ಅಚ್ಚು, ಅಂಚನ್ನು ಚೂರು ಉಜ್ಜಿಕೊಂಡರೆ ಸಾಕು. ಸರ್ಕ್ಲಿಪ್ ಹಾಕಿದ ಮೇಲೆ ಹಬ್ ಒತ್ತುವಾಗ, ಕೆಳಗಿನಿಂದ ಒಳರೇಸಿಗೆ ಪೈಪಿನ ಆಧಾರ ಕೊಡಲೇಬೇಕು. ಅವಸರದಲ್ಲಿ ನಕಲನ್ನೇ ಆಧಾರ ಮಾಡಿ ಹಬ್ ಒತ್ತಿದರೆ ಟನ್‌ಗಟ್ಟಲೆ ಬಲ ಗುಂಡುಗಳ ಮೂಲಕ ಹಾಯುತ್ತದೆ. ರೇಸಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗುಗಳು ಬೀಳುತ್ತವೆ, ಸ್ವಲ್ಪ ದಿನಕ್ಕೆ ಅದೇ ‘ಗುಂಯ್’ ವಾಪಸು. ಆಗ ಎಲ್ಲರೂ ಬೇರಿಂಗ್ ಕಂಪನಿಯನ್ನು ಬೈಯುತ್ತಾರೆ. ಸುತ್ತಿಗೆಯಿಂದ ಬಡಿದು ಕೂರಿಸಿದರೂ ಇದೇ ಗತಿ. ಗ್ಯಾಸ್ ಬೆಂಕಿಯೂ ಬೇಡ. ಬಿಸಿಗೆ ಸೀಲು, ಗ್ರೀಸ್ ಕೆಡುತ್ತವೆ. ಸೀಲ್ ಆದ ಬೇರಿಂಗ್‌ಗೆ ಮೇಲಿಂದ ಗ್ರೀಸ್ ತುಂಬುವ ಅಗತ್ಯವೂ ಇಲ್ಲ.

ಅಯಸ್ಕಾಂತದ ಪಟ್ಟಿ ಇರುವ ಮುಖ ಸೆನ್ಸರ್ ಕಡೆಗೇ ಇರಬೇಕು. ಒಂದು ಪೇಪರ್ ಕ್ಲಿಪ್ ಹಗುರವಾಗಿ ತಾಗಿಸಿದರೆ ಯಾವ ಮುಖವೆಂದು ಗೊತ್ತಾಗುತ್ತದೆ. ತಿರುಗಿಸಿ ಹಾಕಿದರೆ ಎಬಿಎಸ್ ದೀಪ ಹತ್ತುತ್ತದೆ, ಸರಿಪಡಿಸಲು ಇನ್ನೊಂದು ಹೊಸ ಬೇರಿಂಗೇ ಬೇಕು. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕುವಂತಿಲ್ಲ.

ಜೋಡಿಸುವಾಗ ಎಲ್ಲವೂ ಉಲ್ಟಾ ಕ್ರಮ. ಆಕ್ಸಲ್ ನಟ್ ಮಾತ್ರ ಅಂದಾಜಿನ ಕೆಲಸವಲ್ಲ, ಒಳರೇಸಿನ ಎರಡು ಅರ್ಧಗಳನ್ನು ಒತ್ತಿ ಹಿಡಿಯುವುದೇ ಅದು. ಸಡಿಲವಾದರೆ ರೇಸುಗಳು ಅಲುಗಾಡಿ ಬೇರಿಂಗ್ ಬೇಗ ಸಾಯುತ್ತದೆ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಹೇಳುವ ಅಳತೆಗೆ ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ. ಗಾಳಿಯ ಗನ್ ಕೊನೆಯ ಬಿಗಿತಕ್ಕೆ ಬೇಡ. ಕಾರಿನ ಪೂರ್ತಿ ಭಾರ ಚಕ್ರದ ಮೇಲೆ ಬೀಳುವ ಮುನ್ನ, ಒಬ್ಬರು ಬ್ರೇಕ್ ತುಳಿದಿರುವಾಗ ಬಿಗಿದು, ನಟ್ ಅಂಚನ್ನು ಶಾಫ್ಟಿನ ಕಚ್ಚಿಗೆ ಬಡಿದು ಲಾಕ್ ಮಾಡಿ.

ಹೊರಡುವ ಮುನ್ನ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ತುಳಿಯಿರಿ. 10 ಕಿ.ಮೀ. ಓಡಿಸಿ ಎರಡೂ ಮುಂಚಕ್ರಗಳ ಹಬ್ ಹತ್ತಿರ ಕೈ ತನ್ನಿ. ಹೊಸದು ಇನ್ನೊಂದಕ್ಕಿಂತ ತುಂಬಾ ಬಿಸಿಯಾಗಿದ್ದರೆ ನಿಲ್ಲಿಸಿ, ಮೊದಲು ಕ್ಯಾಲಿಪರ್ ಹಿಡಿದುಕೊಂಡಿದೆಯೇ ನೋಡಿ. ಸ್ಟ್ರಟ್ ಬೋಲ್ಟ್ ತೆಗೆದಿರುವುದರಿಂದ ಅಲೈನ್‌ಮೆಂಟ್ ಅದೇ ವಾರ ಮಾಡಿಸಿ. ಸದ್ದಿಲ್ಲದ ಇನ್ನೊಂದು ಬದಿಯ ಬೇರಿಂಗನ್ನು ಜೋಡಿಯೆಂದು ಬದಲಿಸಬೇಕಿಲ್ಲ.